ಅರ್ಧ ತಂಡ ಬಲ್ಲವರಿಗೆ ಇಡೀ ತಂಡ

2013ರ ನವೆಂಬರ್‌ನಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡ ತನ್ನ ಮೈದಾನದಲ್ಲೇ ಜಾರ್ಜಿಯಾ ಸದರ್ನ್‌ಗೆ 26–20ರಿಂದ ಸೋತಿತು. ಜಾರ್ಜಿಯಾ ಸದರ್ನ್ ಆಗ ಒಂದು ಮೆಟ್ಟಿಲು ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದ ತಂಡ. ಇಡೀ ಪಂದ್ಯದಲ್ಲಿ ಅದರ ಒಂದು ಪಾಸ್ ಕೂಡ ಕೈಗೂಡಲಿಲ್ಲ; ಚೆಂಡು ಹಿಡಿದು ಓಡಿಯೇ ಗೆದ್ದಿತು. ಸೋತವರ ಹೆಡ್ ಕೋಚ್ ವಿಲ್ ಮಸ್ಚಾಂಪ್, ಟೆಕ್ಸಸ್‌ನಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ ಹೆಸರು ಮಾಡಿ ಬಂದವರು.

ಅಮೆರಿಕನ್ ಫುಟ್ಬಾಲ್‌ನಲ್ಲಿ ದಾಳಿಗೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ. ಎರಡಕ್ಕೂ ಒಬ್ಬೊಬ್ಬ ಕೋಆರ್ಡಿನೇಟರ್. ಎದುರಾಳಿಯ ವಿಡಿಯೊ ನೋಡಿ ವಾರದ ಯೋಜನೆ ಹೆಣೆಯುವುದು, ಪಂದ್ಯದ ದಿನ ಮುಂದಿನ ಆಟ ಯಾವುದೆಂದು ಕ್ಷಣಾರ್ಧದಲ್ಲಿ ಹೇಳುವುದು ಅವರ ಕೆಲಸ. ಎಷ್ಟು ಅಂಕ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಡ್ ಕೋಚ್ ಹುಡುಕುವ ವಿಶ್ವವಿದ್ಯಾಲಯಗಳು ಇವರನ್ನು ಬೆನ್ನುಹತ್ತುವುದು ಅದಕ್ಕೇ.

ಹೆಡ್ ಕೋಚ್ ಕುರ್ಚಿಯಲ್ಲಿ ಕೂತ ಮೇಲೆ ದಿನಚರಿಯೇ ಬದಲಾಗುತ್ತದೆ. ಹೈಸ್ಕೂಲು ಹುಡುಗರ ಮನೆಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸಬೇಕು, ದಾನಿಗಳ ಜೊತೆ ಕೂರಬೇಕು. 2018ರಲ್ಲಿ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು. ಈಗ ಕೈಯಲ್ಲಿರುವ ಹುಡುಗರನ್ನು ಉಳಿಸಿಕೊಳ್ಳುವುದೇ ದೊಡ್ಡ ಹೋರಾಟ.

ಇದೆಲ್ಲ ಕಲಿತರೆ ಬರುವಂಥದ್ದು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇನ್ನೊಂದು: ತಮಗೆ ಪಳಗದ ಆ ಇನ್ನರ್ಧವನ್ನು ಯಾರ ಕೈಗೆ ಕೊಡುತ್ತಾರೆ? ಮಸ್ಚಾಂಪ್ ಫ್ಲೋರಿಡಾದ ನಾಲ್ಕು ವರ್ಷಗಳಲ್ಲಿ ದಾಳಿಗೆ ಒಬ್ಬರಾದ ಮೇಲೊಬ್ಬರಂತೆ ಮೂವರು ಕೋಆರ್ಡಿನೇಟರ್‌ಗಳನ್ನು ಇಟ್ಟುಕೊಂಡರು. 2012ರಲ್ಲಿ 11 ಗೆಲುವು, 2 ಸೋಲು. ಮರುವರ್ಷ 4 ಗೆಲುವು, 8 ಸೋಲು. ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಹೊರಗುಳಿದದ್ದೂ ಏಟು ಕೊಟ್ಟಿತು. 2014ರಲ್ಲಿ ಕೆಲಸ ಹೋಯಿತು.

ಕರ್ಬಿ ಸ್ಮಾರ್ಟ್ ಕೂಡ ರಕ್ಷಣೆಯವರೇ. ಅಲಬಾಮಾದಲ್ಲಿ ಹೆಡ್ ಕೋಚ್ ನಿಕ್ ಸೇಬನ್ ಕೈಕೆಳಗೆ ಎಂಟು ಋತು ಕೋಆರ್ಡಿನೇಟರ್ ಆಗಿದ್ದು, 2016ರಲ್ಲಿ ತಾವು ಓದಿ ಆಡಿದ ಜಾರ್ಜಿಯಾಕ್ಕೆ ಹೆಡ್ ಕೋಚ್ ಆದರು. ಒಳ್ಳೆಯ ಹುಡುಗರು ಧಾರಾಳವಾಗಿ ಸಿಗುವ ರಾಜ್ಯ ಅದು, ಆ ಅನುಕೂಲ ಸಣ್ಣದಲ್ಲ. ಆದರೂ 2019ರಲ್ಲಿ ದಾಳಿ ಮಂಕಾಯಿತು. ಸ್ಮಾರ್ಟ್ ಕಾಯಲಿಲ್ಲ, ವೃತ್ತಿಪರ ಲೀಗ್‌ನಿಂದ ಟಾಡ್ ಮಂಕನ್ ಅವರನ್ನು ಕರೆತಂದರು. 2021ರ ಋತುವಿನಲ್ಲಿ, 1980ರ ನಂತರ ಮೊದಲ ಬಾರಿಗೆ, ಜಾರ್ಜಿಯಾ ರಾಷ್ಟ್ರೀಯ ಚಾಂಪಿಯನ್ ಆಯಿತು. 2022ರಲ್ಲಿ ಮತ್ತೊಮ್ಮೆ.

ತಾವು ಬಲ್ಲ ಅರ್ಧವನ್ನೂ ಬಿಟ್ಟುಕೊಟ್ಟವರಿದ್ದಾರೆ. ಓಹಾಯೊ ಸ್ಟೇಟ್‌ನ ರಯಾನ್ ಡೇ ದಾಳಿಯಲ್ಲಿ ಪಳಗಿದವರು. 2024ರಲ್ಲಿ ಆಟ ನಿರ್ಧರಿಸುವ ಕೆಲಸವನ್ನು ಚಿಪ್ ಕೆಲ್ಲಿಗೆ ಒಪ್ಪಿಸಿದರು. ಆ ಋತುವಿನ ಕಿರೀಟ ಓಹಾಯೊ ಸ್ಟೇಟ್‌ನದಾಯಿತು. ಯುಸಿಎಲ್‌ಎಯ ಹೆಡ್ ಕೋಚ್ ಹುದ್ದೆ ಬಿಟ್ಟು ಕೋಆರ್ಡಿನೇಟರ್ ಕೆಲಸಕ್ಕೆ ಬಂದವರು ಕೆಲ್ಲಿ.

ಸಣ್ಣ ಕಡೆ ಪಳಗಿ ದೊಡ್ಡ ಕಡೆ ಹೋಗುವ ದಾರಿಯೂ ಖಚಿತವಲ್ಲ. ಟಾಮ್ ಹರ್ಮನ್ ಹ್ಯೂಸ್ಟನ್‌ನಲ್ಲಿ 2015ರಲ್ಲಿ 13 ಪಂದ್ಯ ಗೆದ್ದು ಒಂದು ಸೋತರು. ಆಮೇಲೆ ಅವರನ್ನು ಹೆಡ್ ಕೋಚ್ ಆಗಿ ಕರೆದುಕೊಂಡ ಟೆಕ್ಸಸ್, ನಾಲ್ಕೇ ವರ್ಷಕ್ಕೆ ಮನೆಗೆ ಕಳುಹಿಸಿತು.

ಹಾಗಾಗಿ ಹೊಸಬರ ಮೊದಲ ವರ್ಷದ ಅಂಕಪಟ್ಟಿಗಿಂತ ಅವರು ಕಟ್ಟಿಕೊಂಡ ಬಳಗವನ್ನು ನೋಡಿ. ಕ್ಲೆಮ್ಸನ್‌ನ ರಕ್ಷಣೆಗೆ ಖ್ಯಾತಿ ತಂದ ಬ್ರೆಂಟ್ ವೆನಬಲ್ಸ್ ಓಕ್ಲಹೋಮಾದ ಹೆಡ್ ಕೋಚ್ ಆಗಿ 2022ರಲ್ಲೂ 2024ರಲ್ಲೂ ಆರು ಗೆದ್ದು ಏಳು ಸೋತರು. ಬಳಿಕ ರಕ್ಷಣೆಯ ಆಟ ತಾವೇ ನಿರ್ಧರಿಸತೊಡಗಿದರು. ದಾಳಿಗೆ ವಾಷಿಂಗ್ಟನ್ ಸ್ಟೇಟ್‌ನಿಂದ ಬೆನ್ ಆರ್ಬಕಲ್ ಬಂದರು, ಅವರ ಹಿಂದೆಯೇ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್. 2025ರಲ್ಲಿ ಓಕ್ಲಹೋಮಾ, ರಾಷ್ಟ್ರೀಯ ಚಾಂಪಿಯನ್‌ನನ್ನು ನಿರ್ಧರಿಸುವ ಪ್ಲೇಆಫ್ ತಲುಪಿತು.