ತುಕ್ಕು ತಡೆಯಲು ವಿಷವೇ ಬೇಕೆ?

ಮಳೆಗಾಲಕ್ಕೆ ಮೊದಲು ಗೇಟು, ಕಿಟಕಿಯ ಸರಳುಗಳಿಗೆ ಬಣ್ಣ ಬಳಿಸುವುದು ನಮ್ಮಲ್ಲಿ ರೂಢಿ. ಪೇಂಟರ್ ಬಂದು ಉಪ್ಪುಕಾಗದದಿಂದ ಹಳೆಯ ಬಣ್ಣವನ್ನು ಉಜ್ಜಿ, ಪ್ರೈಮರ್ ಹಚ್ಚುತ್ತಾರೆ. ಉಜ್ಜುವಾಗ ಏಳುವ ದೂಳು ಅವರ ಮೂಗಿಗೂ, ಅಂಗಳದಲ್ಲಿ ಆಡುವ ಮಕ್ಕಳ ಕೈಗೂ ಸೇರುತ್ತದೆ. ಆ ದೂಳಿನಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ, ನೀರು ಎರಡೂ ಬೇಕು. ಕುದಿಸಿದ ನೀರಿನಲ್ಲಿ ಮೊಳೆ ಹಾಕಿ ಮೇಲೆ ಎಣ್ಣೆ ಸುರಿದರೆ ಅದು ತುಕ್ಕು ಹಿಡಿಯದು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಉಪ್ಪು ಸೇರಿದರೆ ತುಕ್ಕು ಬೇಗ ಹಬ್ಬುತ್ತದೆ. ಕರಾವಳಿಯ ಗೇಟುಗಳು ಬೇಗ ಸವೆಯುವುದು ಇದರಿಂದಲೇ.

ಇದನ್ನು ತಡೆಯಲು ಬಹುಕಾಲ ಪ್ರೈಮರ್‌ಗಳಲ್ಲಿ ಸೀಸದ ಸಿಂಧೂರ, ಸತುವಿನ ಕ್ರೋಮೇಟ್ ಬೆರೆಸಿದರು. ತುಕ್ಕೇನೋ ನಿಂತಿತು. ಆದರೆ ಸೀಸ ಮಕ್ಕಳ ಮಿದುಳಿಗೆ ಹಾನಿಕರ. ಕ್ರೋಮೇಟಿನ ದೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹಳೆಯ ಗೇಟಿನ ಮೇಲೆ ಮೊದಲೇ ಕೂತಿರುವ ಬಣ್ಣದ ಮಾತು ಬೇರೆ.

ವಿಷವಿಲ್ಲದೆ ಕಬ್ಬಿಣ ಉಳಿಯದೆ? ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬಕ್ಕೆ ಸುಮಾರು 1600 ವರ್ಷ. ಅದರಲ್ಲಿ ರಂಜಕದ ಅಂಶ ಹೆಚ್ಚು. ಇದರಿಂದ ಮೈಮೇಲೆ ಫಾಸ್ಫೇಟಿನ ತೆಳುಪದರ ಕಟ್ಟಿ ತುಕ್ಕು ತಡೆದಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ವಿವರಿಸಿದ್ದರು. ಇಂದು ಸತುವಿನ ಫಾಸ್ಫೇಟ್ ಇರುವ ಪ್ರೈಮರ್ ದೊರೆಯುತ್ತದೆ. ಸೀಸ, ಕ್ರೋಮೇಟಿಗಿಂತ ಇದು ಎಷ್ಟೋ ಸೌಮ್ಯ.

ಇನ್ನೊಂದು ಮದ್ದು ಗಿಡಮರಗಳದ್ದು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ಕಾಯಿಯ ಟ್ಯಾನಿನ್ ತುಕ್ಕಿನೊಡನೆ ಕೂಡಿದಾಗಲೂ ನೀರಿನಲ್ಲಿ ಕರಗದ ನೀಲಿಗಪ್ಪು ಪದರವಾಗುತ್ತದೆ. ಟ್ಯಾನಿಕ್ ಆಮ್ಲದಿಂದ ತಯಾರಿಸುವ ತುಕ್ಕುನಿವಾರಕ ದ್ರವಗಳ ಗುಟ್ಟು ಇದೇ. ತುಕ್ಕು ಹಿಡಿದ ಮೊಳೆಯನ್ನು ಹಾಲು ಹಾಕದ ಗಟ್ಟಿ ಚಹಾದಲ್ಲಿ ರಾತ್ರಿಯಿಡೀ ನೆನೆಸಿ ನೋಡಿ, ಕಪ್ಪಾಗಿರುತ್ತದೆ. ಆದರೆ ಈ ಪದರವೊಂದೇ ಮಳೆಗೆ ಬಹುಕಾಲ ತಾಳದು. ಮೇಲೆ ಬಣ್ಣ ಬೇಕೇ ಬೇಕು.

ಈ ಸಲ ಬಣ್ಣ ಕೊಳ್ಳುವಾಗ ಸೀಸ, ಕ್ರೋಮೇಟ್ ಇಲ್ಲದ ಪ್ರೈಮರನ್ನೇ ಕೇಳಿ. ಹಳೆಯ ಬಣ್ಣವನ್ನು ನೀರು ಹಾಕಿ ಉಜ್ಜಿಸಿ, ದೂಳು ಏಳದು. ಉದುರಿದ್ದು ಬಾವಿಗೆ ಸೇರದಂತೆ ಕೆಳಗೆ ಹಾಳೆ ಹಾಸಿ ಒಟ್ಟುಮಾಡಿ. ಮಕ್ಕಳನ್ನು ದೂರವಿಡಿ, ಪೇಂಟರ್‌ಗೆ ಒಳ್ಳೆಯ ಮಾಸ್ಕ್ ಕೊಡಿ. ಗೇಟಿನ ಆಯುಷ್ಯಕ್ಕಾಗಿ ಅವರ ಆಯುಷ್ಯ ಸವೆಯಬಾರದು.