ಹತ್ತು ಸೆಕೆಂಡಿನ ಗೆರೆ, ಮೂವತ್ತು ವರ್ಷದ ಲೆಕ್ಕ

ಫ್ರೀಮಾಂಟ್‌ನಲ್ಲೋ ಸನಿವೇಲ್‌ನಲ್ಲೋ ಮನೆ ಕೊಂಡ ಕನ್ನಡ ಕುಟುಂಬಕ್ಕೆ ಸಾಲದ ಬೆನ್ನಿಗೇ ಬರುವ ಯೋಚನೆ ಟರ್ಮ್ ಇನ್ಶೂರೆನ್ಸ್. ಮೊತ್ತ ದೊಡ್ಡದಿದ್ದು ವಯಸ್ಸೂ ಐವತ್ತು ದಾಟಿದ್ದರೆ, ಕಂಪನಿ ಕಳಿಸಿದವರು ಮನೆಗೇ ಬಂದು ಬಿಪಿ ನೋಡಿ, ರಕ್ತ ತೆಗೆದುಕೊಂಡು, ಸೋಫಾ ಮೇಲೆ ಮಲಗಿಸಿ ಇಸಿಜಿಯನ್ನೂ ತೆಗೆಯುವುದುಂಟು. ಆ ಕಾಗದ ಹೋಗುವುದು ಕಂಪನಿಯಲ್ಲಿ ಅಪಾಯ ಅಳೆಯುವ ಅಂಡರ್‌ರೈಟರ್ ಮತ್ತು ವೈದ್ಯಾಧಿಕಾರಿಯ ಮೇಜಿಗೆ. ನಿಮ್ಮ ಡಾಕ್ಟರು ಕೇಳುವುದು ಈ ಮನುಷ್ಯನಿಗೆ ಈಗ ಏನಾಗಿದೆ ಎಂದು. ವಿಮೆಯವರು ಕೇಳುವುದು ಇಂಥ ಗೆರೆಯಿರುವ ಸಾವಿರ ಜನರಲ್ಲಿ ಪಾಲಿಸಿ ಮುಗಿಯುವುದರೊಳಗೆ ಎಷ್ಟು ಮಂದಿ ತೀರಿಕೊಳ್ಳುತ್ತಾರೆ ಎಂದು.

ಪ್ರತಿ ಬಡಿತಕ್ಕೂ ಮುಂಚೆ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ತಿನ ಅಲೆಯೊಂದು ಹರಿಯುತ್ತದೆ. ಚರ್ಮದ ಮೇಲೆ ಅದು ಸಿಗುವುದು ಒಂದು ಮಿಲಿವೋಲ್ಟ್ ಆಸುಪಾಸಿನಲ್ಲಿ. ಅಷ್ಟನ್ನು ಹಿಡಿಯಲು ಲೈಡನ್‌ನ ವಿಲ್ಲೆಮ್ ಐಂಥೋವೆನ್ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು; 1924ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿನದು ಕೈಚೀಲದಲ್ಲಿ ಹಿಡಿಸುತ್ತದೆ. ಕೈಕಾಲಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡ್ ಅಂಟಿಸಿದರೆ ಹನ್ನೆರಡು ಕೋನದ ನೋಟ; ಒಂದೊಂದು ಕೋನಕ್ಕೂ ಲೀಡು ಎಂದು ಹೆಸರು. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವುದರಿಂದ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು. ಪ್ರತಿ ಬಡಿತಕ್ಕೂ ಗೆರೆಯಲ್ಲಿ ಮೊದಲು ಪುಟ್ಟ 'ಪಿ' ಉಬ್ಬು, ಆಮೇಲೆ ಚೂಪಾದ 'ಕ್ಯೂಆರ್‌ಎಸ್', ಕೊನೆಗೆ 'ಟಿ'.

ಕ್ಯೂಆರ್‌ಎಸ್ ಮೂರು ಸಣ್ಣ ಚೌಕ ಅಥವಾ ಅದಕ್ಕಿಂತ ಅಗಲವಾಗಿದ್ದರೆ ಕೆಳಗಿನ ಕೋಣೆಗಳಿಗೆ ಹೋಗುವ ತಂತುಗಳಲ್ಲಿ ತಡೆಯಿರಬಹುದು. ಬಲಗಡೆ ತಡೆ ಆರೋಗ್ಯವಂತರಲ್ಲೂ ಕಾಣುತ್ತದೆ. ಬೇರೇನೂ ದೋಷವಿಲ್ಲದಿದ್ದರೆ ಅಂಡರ್‌ರೈಟರ್ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಡಗಡೆ ತಡೆಯಿದ್ದರೆ ಎಕೋ, ಟ್ರೆಡ್‌ಮಿಲ್ ವರದಿ ಕೇಳುತ್ತಾರೆ, ಏಕೆಂದರೆ ಈ ತಡೆಯ ಹಿಂದೆ ಹೃದಯದ ಬೇರೆ ಕಾಯಿಲೆ ಅಡಗಿರುವುದು ಹೆಚ್ಚು. ಅಪಾಯ ಜಾಸ್ತಿ ಎನಿಸಿದವರನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ಮೆಟ್ಟಿಲಿಗೆ ಸಾಮಾನ್ಯವಾಗಿ ಶೇ 25ರಂತೆ ಪ್ರೀಮಿಯಂ ಏರಿಸುವುದು ಅಮೆರಿಕದ ರೂಢಿ.

ಕೆಲವೊಮ್ಮೆ ತಪ್ಪು ಹೃದಯದ್ದಲ್ಲ, ವೈರಿನದು. ಎಡಗೈ, ಬಲಗೈ ವೈರು ಅದಲುಬದಲಾದರೆ ಒಂದನೇ ಲೀಡಿನಲ್ಲಿ ಎಲ್ಲವೂ ತಲೆಕೆಳಗು. ಹೃದಯವೇ ಬಲಗಡೆ ಇರುವವರಲ್ಲೂ ಹೀಗೇ ಕಾಣುತ್ತದೆ. ಆಗ ಅನುಭವಿಗಳು ಎದೆಯ ಲೀಡುಗಳ ಮೇಲೆ ಕಣ್ಣಾಡಿಸುತ್ತಾರೆ: ಒಂದರಿಂದ ಮುಂದಕ್ಕೆ ಶಿಖರ ಎಂದಿನಂತೆ ಬೆಳೆಯುತ್ತಿದ್ದರೆ ವೈರಿನ ಎಡವಟ್ಟು, ಕುಗ್ಗುತ್ತಿದ್ದರೆ ಹೃದಯವೇ ಬಲಕ್ಕಿದೆ.

ಗೆರೆಯ ಬೆಲೆ ಚಿಕಿತ್ಸೆಯೊಂದಿಗೂ ಬದಲಾಗುತ್ತದೆ. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ವೈದ್ಯರು ವರ್ಣಿಸಿದ ತೊಂದರೆಯಲ್ಲಿ ವಿದ್ಯುತ್ತಿಗೆ ಒಂದು ಅಡ್ಡದಾರಿ ಇರುತ್ತದೆ. ಕ್ಯೂಆರ್‌ಎಸ್‌ನ ಬುಡದಲ್ಲಿ ಸಣ್ಣ ಇಳಿಜಾರು ಕಾಣುತ್ತದೆ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್‌ನಲ್ಲಿ ಮೆಲ್ವಿನ್ ಶೈನ್‌ಮನ್ ಎದೆ ಸೀಳದೆ ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ಮೂಲಕವೇ ಹೃದಯದ ವಿದ್ಯುತ್ ದಾರಿಯನ್ನು ಕಡಿದರು. ಅದೇ ವಿಧಾನ ಬೆಳೆದು ಈ ಅಡ್ಡದಾರಿಯನ್ನೂ ಸುಟ್ಟುಹಾಕುವಂತಾಯಿತು. ಇಳಿಜಾರು ಮಾಯವಾದ ಹೊಸ ಇಸಿಜಿ ತೋರಿಸಿದವರಿಗೆ ಮಾಮೂಲು ದರದ ಪಾಲಿಸಿಯೂ ಸಿಗಬಹುದು.

2018ರಿಂದ ಕ್ಯುಪರ್ಟಿನೋದ ಆಪಲ್ ವಾಚೂ ಇಸಿಜಿ ತೆಗೆಯುತ್ತದೆ. ಅದು 30 ಸೆಕೆಂಡಿನ, ಒಂದೇ ಕೋನದ ನೋಟ. ಲಯ ತಪ್ಪಿದ್ದನ್ನು ಹಿಡಿಯುತ್ತದೆ, ಹೃದಯಾಘಾತವನ್ನಲ್ಲ. ಹನ್ನೆರಡು ಕೋನದ್ದಕ್ಕೂ ಮಿತಿಯಿದೆ: ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೂ ಸುಮ್ಮನೆ ಮಲಗಿದಾಗಿನ ಗೆರೆ ನೆಟ್ಟಗಿರಬಹುದು. ಈ ಮಿತಿ ನಮ್ಮವರಿಗೆ ಮುಖ್ಯ: ನಮ್ಮಲ್ಲಿ ಹೃದ್ರೋಗ ಬೇಗ ಬರುವುದರಿಂದಲೇ ಮೌಂಟನ್ ವ್ಯೂನ ಎಲ್ ಕಮಿನೋ ಆಸ್ಪತ್ರೆಯಲ್ಲಿ 2006ರಲ್ಲಿ ದಕ್ಷಿಣ ಏಷ್ಯನ್ನರಿಗೆಂದೇ ಹೃದಯ ಕೇಂದ್ರ ಶುರುವಾದದ್ದು.

ಒಂದು ಗೆರೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ, ಹಾಗಾಗಿ ಒಂದು ಕೆಲಸ ಮಾಡಿ: ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೆಗೆಸಿದ ಹಳೆಯ ಇಸಿಜಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತು ವರ್ಷದಿಂದ ಹಾಗೇ ಇರುವ ವಕ್ರ 'ಟಿ'ಗೂ ಮೊನ್ನೆ ಹೊಸದಾಗಿ ಮೂಡಿದ ವಕ್ರ 'ಟಿ'ಗೂ ಅಂಡರ್‌ರೈಟರ್ ಕೊಡುವ ಅಂಕ ಒಂದೇ ಅಲ್ಲ.