ಉಸ್ತಾದ್ ಅಂದರೆ ಯಾರು?

ನಮ್ಮ ಕರಾವಳಿಯಲ್ಲಿ ಉಸ್ತಾದ್ ಅಂದರೆ ಮದ್ರಸದಲ್ಲಿ ಓದಿಸುವವರು. ಘಟ್ಟ ಹತ್ತಿ ಯಾದಗಿರಿ ಕಡೆ ಹೋದರೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೂಡ ಉಸ್ತಾದ್. ಗರಡಿಮನೆಯಲ್ಲಿ ಕುಸ್ತಿ ಕಲಿಸುವವರು ವಸ್ತಾದ್. ಕೈಹಿಡಿದು ಕಲಿಸುವ ಎಲ್ಲರಿಗೂ ಒಂದೇ ಹೆಸರು.

ಕಳೆದ ರಮಝಾನ್‌ಗೆ ಮೊದಲು ಶಹಾಪುರಕ್ಕೆ ಹೋಗಿದ್ದೆವು. ನಮ್ಮಲ್ಲಿ ಓದಿದ ಹುಡುಗನೊಬ್ಬ ಅಲ್ಲಿಯ ಅಂಗಡಿಯೊಂದರಲ್ಲಿ ನಾಲ್ಕು ವರ್ಷದಿಂದ ಇದ್ದಾನೆ. 'ಏನು ಕಲಿತೆ ಮೋನೆ?' ಅಂತ ಕೇಳಿದೆವು. 'ಮಾಲು ಇಳಿಸುವುದು, ಗುಡಿಸುವುದು, ಚಹಾ ತರುವುದು ಉಸ್ತಾದ್. ಲೆಕ್ಕದ ಪುಸ್ತಕ ಮುಟ್ಟಲಿಕ್ಕೆ ಬಿಡುವುದಿಲ್ಲ' ಅಂದ.

ಧಣಿ ಕೆಟ್ಟವರಲ್ಲ. ಒಂದು ತಿಂಗಳೂ ಸಂಬಳ ತಪ್ಪಿಸಿದವರಲ್ಲ. ಅವರಿಗಿಂತ ಮೊದಲ ತಪ್ಪು ನಮ್ಮದು. ಹುಡುಗನನ್ನು ಕಳುಹಿಸುವಾಗ ಸಂಬಳ ಎಷ್ಟು, ಊಟ ವಸತಿ ಇದೆಯಾ ಅಂತ ಕೇಳಿದೆವು. ಏನು ಕಲಿಸುತ್ತೀರಿ ಅಂತ ಕೇಳಲೇ ಇಲ್ಲ.

ಮರುದಿನ ಸುರಪುರಕ್ಕೆ ಹೋಗಿ ಟೇಲರ್ ಮಂಜಿಲ್ ನೋಡಿದೆವು. 1840ರ ದಶಕದಲ್ಲಿ ಇಲ್ಲಿಯ ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕ. ಸಂಸ್ಥಾನ ನೋಡಿಕೊಳ್ಳಲು ಬಂದವರು ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. ಹದಿನೈದನೇ ವಯಸ್ಸಿಗೇ ಹಿಂದೂಸ್ತಾನಕ್ಕೆ ದುಡಿಯಲು ಬಂದು, ಭಾಷೆ, ಸರ್ವೆ, ಕಾನೂನು ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತವರು. ತಂದೆಯಿಲ್ಲದ ಹುಡುಗ ಅವರನ್ನು 'ಅಪ್ಪಾ' ಅಂತ ಕರೆಯುತ್ತಿದ್ದ.

ಆದರೆ ಸುಮಾರು ಹತ್ತು ವರ್ಷ ಆಡಳಿತದ ಲಗಾಮು ಅಪ್ಪನ ಕೈಯಲ್ಲೇ ಇತ್ತು. 1853ರಲ್ಲಿ ಅಧಿಕಾರ ರಾಜರ ಕೈಗೆ ಬಂತು, ಟೇಲರ್ ಬೇರೆ ಕಡೆಗೆ ಹೋದರು. 1858ರಲ್ಲಿ ರಾಜರು ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದರು. ಟೇಲರ್ ಸೆರೆಮನೆಗೆ ಹೋಗಿ ಕಂಡರು. ಗಲ್ಲು ತಪ್ಪಿತು, ಆದರೆ ಅದೇ ವರ್ಷ ಸೆರೆಯ ದಾರಿಯಲ್ಲಿ ಗುಂಡಿನೇಟಿಗೆ ರಾಜರು ತೀರಿಕೊಂಡರು. ಸುರಪುರ ಅವರನ್ನು ವೀರನೆಂದೇ ನೆನೆಯುತ್ತದೆ, ಅದು ಸರಿಯೇ. ನಮ್ಮನ್ನು ಕಾಡಿದ್ದು ಬೇರೆ ಮಾತು. ಟೇಲರ್‌ಗೆ ಪ್ರೀತಿ ಇತ್ತು, ಆದರೆ ಅವರಿಗೆ ಮೇಲೆ ಬೇರೆ ಧಣಿಗಳಿದ್ದರು. ಬದಿಯಲ್ಲಿ ನಿಂತು ಲಗಾಮನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಟ್ಟು ಕಲಿಸಿದ್ದರೆ ಏನಾಗುತ್ತಿತ್ತೋ!

ನಮ್ಮ ಅಂಗಡಿ, ಹೋಟೆಲುಗಳಲ್ಲೂ ಇದೇ ಕಥೆ. ಹುಡುಗ ಕಲಿತರೆ ಎದುರಿಗೇ ಅಂಗಡಿ ಹಾಕಿಯಾನು ಎಂಬ ಹೆದರಿಕೆ. ಹಾಕಲಿ ಬಿಡಿ! ರಿಝ್ಕ್ ಕೊಡುವವನು ಅಲ್ಲಾಹು. ಪ್ರವಾದಿಯವರ (ಸ) ಬಳಿ ಹತ್ತು ವರ್ಷ ಸೇವೆಗಿದ್ದ ಅನಸ್ (ರ) ಒಮ್ಮೆಯೂ ಗದರಿಸಿಕೊಂಡಿರಲಿಲ್ಲ. ಯುವಕ ಉಸಾಮರಿಗೆ (ರ) ಹಿರಿಯರಿದ್ದ ಸೈನ್ಯದ ನಾಯಕತ್ವವನ್ನೇ ಕೊಡಲಾಗಿತ್ತು.

ಮಗನನ್ನು ಕೆಲಸಕ್ಕೆ ಕಳುಹಿಸುವ ಮನೆಯವರು ಮೂರು ಮಾತು ಕೇಳಿರಿ. ಮೊದಲ ವರ್ಷ ಏನು ಕಲಿಸುತ್ತೀರಿ? ಯಾರು ಕಲಿಸುತ್ತಾರೆ? ಲೆಕ್ಕ, ಖರೀದಿಯ ಜವಾಬ್ದಾರಿ ಯಾವಾಗ ಕೊಡುತ್ತೀರಿ? ಕಾರ್ಖಾನೆಗೆ ಹೋಗುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ: ಕನಿಷ್ಠ 14 ವರ್ಷ, ಅಪಾಯದ ಕೆಲಸಕ್ಕೆ 18. ಬರವಣಿಗೆಯ ಒಪ್ಪಂದ ಇರಬೇಕು, ಸ್ಟೈಪೆಂಡ್ ಕೊಡಬೇಕು. ಚಿಕ್ಕ ಅಂಗಡಿಗೆ ಅದು ಕಡ್ಡಾಯವಲ್ಲ. ಅಲ್ಲಿ ಧಣಿಯ ಮನಸ್ಸೇ ಕಾಯ್ದೆ.

ಊರಿಗೆ ಹೊರಡುವ ಮೊದಲು ಆ ಧಣಿಯ ಹತ್ತಿರ ಕುಳಿತು ಮಾತಾಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗೂ ಯಾರೂ ಕೂರಿಸಿ ಕಲಿಸಲಿಲ್ಲ ಉಸ್ತಾದ್' ಅಂದರು. ಈಗ ರಾತ್ರಿ ಬಾಗಿಲು ಹಾಕಿದ ಮೇಲೆ ಹುಡುಗ ಲೆಕ್ಕ ಬರೆಯುತ್ತಾನಂತೆ. ಮೊದಲ ವಾರ ತಪ್ಪೋ ತಪ್ಪು. ಧಣಿ ಪಕ್ಕದಲ್ಲೇ ಕುಳಿತು ತಿದ್ದಿದರಂತೆ, ಪುಸ್ತಕ ಮಾತ್ರ ಕಿತ್ತುಕೊಳ್ಳಲಿಲ್ಲ.